ರೂಟರುಗಳಲ್ಲಿ ಸ್ವಯಂಚಾಲಿತ ಘಟನಾ ನಿಗಾ ಮತ್ತು ನೀತಿಬದ್ಧ ಪ್ರತಿಕ್ರಿಯೆ

ರೂಟರಿನಲ್ಲಿ ಆಗುವ ಬದಲಾವಣೆಗಳನ್ನು ಅದರ ತಂತ್ರಾಂಶವೇ ಸದಾ ಗಮನಿಸುತ್ತಿದ್ದು, ಮೊದಲೇ ಬರೆದಿಟ್ಟ ನಿಯಮಕ್ಕೆ ಹೊಂದುವ ಬದಲಾವಣೆ ಕಂಡೊಡನೆ ಗೊತ್ತುಪಡಿಸಿದ ಕೆಲಸವನ್ನು ತಾನೇ ನಡೆಸುವ ವ್ಯವಸ್ಥೆಗೆ ಸ್ವಯಂಚಾಲಿತ ಘಟನಾ ನಿಗಾ ಮತ್ತು ನೀತಿಬದ್ಧ ಪ್ರತಿಕ್ರಿಯೆ ಎಂದು ಹೆಸರು. ಲಿಂಕ್ ಕಡಿಯುವುದು, ಪ್ರೊಸೆಸರಿನ ಮೇಲೆ ಹೊರೆ ಏರುವುದು, ಕಾನ್ಫಿಗರೇಷನ್ ಬದಲಾಗುವುದು, ನೆರೆಯ ರೂಟರಿನ ಸಂಬಂಧ ತಪ್ಪುವುದು ಇಂಥ ಬದಲಾವಣೆಗಳಿಗೆ ಉದಾಹರಣೆ. ಸಿಸ್ಕೊ ಸಂಸ್ಥೆಯ ಎಂಬೆಡೆಡ್ ಈವೆಂಟ್ ಮ್ಯಾನೇಜರ್ ಈ ಬಗೆಯಲ್ಲಿ ಹೆಚ್ಚು ಪ್ರಚಾರದಲ್ಲಿರುವುದು. ಜುನಿಪರ್, ಅರಿಸ್ಟಾ, ನೋಕಿಯಾ, ಹುವಾವೇ, ಮೈಕ್ರೋಟಿಕ್ ರೂಟರುಗಳಲ್ಲೂ ಇದಕ್ಕೆ ಸಮನಾದ ಸೌಲಭ್ಯಗಳಿವೆ. ಬೆಂಗಳೂರಿನ ಹೊರವಲಯದ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯ ಪ್ರದೇಶಗಳಿಗೆ ಈ ವಿಷಯದೊಡನೆ ಎರಡು ಬಗೆಯ ನಂಟು: ರೂಟರುಗಳ ತಂತ್ರಾಂಶವನ್ನು ಬರೆಯುವ ಕಚೇರಿಗಳೂ ಆ ರೂಟರುಗಳನ್ನು ನೆಚ್ಚಿ ನಡೆಯುವ ಕಾರ್ಖಾನೆ, ಕಚೇರಿಗಳೂ ಈ ಪ್ರದೇಶಗಳಲ್ಲಿ ಒಟ್ಟಿಗೇ ಇವೆ.

ಪರಿಭಾಷೆ

ಈ ಲೇಖನದಲ್ಲಿ ಘಟನೆ ಎಂದರೆ ಉಪಕರಣದ ಸ್ಥಿತಿಯಲ್ಲಿ ತಂತ್ರಾಂಶವು ಗುರುತಿಸಬಲ್ಲ ಒಂದು ಬದಲಾವಣೆ. ಕೆಲಸಗಾರರ ಮಾತಿನಲ್ಲಿ ಈವೆಂಟ್. ಘಟನೆಯನ್ನು ಗುರುತಿಸುವ ತಂತ್ರಾಂಶದ ಭಾಗ ಘಟನಾ ಶೋಧಕ. ಯಾವ ಘಟನೆಗೆ ಯಾವ ಷರತ್ತಿನಲ್ಲಿ ಏನು ಮಾಡಬೇಕು ಎಂಬ ಬರಹ ನೀತಿ ಅಥವಾ ಪಾಲಿಸಿ. ನೀತಿಯಂತೆ ನಡೆಯುವ ಒಂದೊಂದು ಕೆಲಸ ಕ್ರಮ. ಯಾವುದಾದರೊಂದು ಅಳತೆ ದಾಟಿದಾಗ ಘಟನೆ ಎಂದು ಎಣಿಸಬೇಕಾದ ಅಂಕಿ ಮಿತಿಮೌಲ್ಯ. ಲಿಂಕೊಂದು ಬೇಗ ಬೇಗ ಬಿದ್ದು ಎದ್ದು ಮಾಡುವುದು ಫ್ಲಾಪ್.

ಎಚ್ಚರಿಕೆ ಮತ್ತು ಪ್ರತಿಕ್ರಿಯೆ ಬೇರೆ ಬೇರೆ. ಅಲರ್ಟ್ ಕಳಿಸಿ ಸುಮ್ಮನಾಗುವ ವ್ಯವಸ್ಥೆ ನಿಗಾ ಮಾತ್ರ. ಅದರ ಜೊತೆಗೆ ಉಪಕರಣದ ಸ್ಥಿತಿಯನ್ನು ಬದಲಿಸುವ ಕ್ರಮವೂ ಸೇರಿದಾಗ ನೀತಿಬದ್ಧ ಪ್ರತಿಕ್ರಿಯೆ ಎನಿಸುತ್ತದೆ. ಹಾಗೆಯೇ, ಓಎಸ್‌ಪಿಎಫ್ ಅಥವಾ ಬಿಜಿಪಿ ಮುಂತಾದ ರೂಟಿಂಗ್ ಪ್ರೋಟೊಕಾಲ್‌ಗಳು ದಾರಿ ಬದಲಿಸುವುದು ಪ್ರೋಟೊಕಾಲಿನ ಸಹಜ ನಡೆ. ಪ್ರೋಟೊಕಾಲ್ ಮಾಡದೆ ಬಿಟ್ಟ ಕೆಲಸವನ್ನು ಬಳಕೆದಾರರ ಇಚ್ಛೆಯಂತೆ ತುಂಬಿಕೊಡುವುದು ಘಟನಾ ನೀತಿಯ ಕ್ಷೇತ್ರ.

ಹುಟ್ಟು ಮತ್ತು ಬೆಳವಣಿಗೆ

ಜಾಲದ ಉಪಕರಣಗಳ ಸ್ಥಿತಿಯನ್ನು ದೂರದಿಂದ ತಿಳಿಯುವ ಪ್ರಯತ್ನಗಳು 1980ರ ದಶಕದಲ್ಲಿ ಬಲಗೊಂಡವು. ಎರಿಕ್ ಆಲ್‌ಮನ್ ಅವರು ಸೆಂಡ್‌ಮೇಲ್ ಯೋಜನೆಯ ಭಾಗವಾಗಿ ರೂಪಿಸಿದ ಸಿಸ್‌ಲಾಗ್ ಮುಂದೆ ರೂಟರುಗಳ ಸಂದೇಶ ಪದ್ಧತಿಯೂ ಆಯಿತು. ಅದರ ಇಂದಿನ ಮಾನಕ 2009ರ ಆರ್‌ಎಫ್‌ಸಿ 5424. ಸಂದೇಶದ ತೀವ್ರತೆಯನ್ನು 0ರಿಂದ 7ರವರೆಗಿನ ಅಂಕಿಗಳಲ್ಲಿ ಸೂಚಿಸುವುದು ಇದರ ಕ್ರಮ: 0 ಅತಿ ಗಂಭೀರ, 7 ದೋಷಶೋಧನೆಯ ವಿವರ. 1988ರಲ್ಲಿ ಎಸ್‌ಎನ್‌ಎಂಪಿ ಪ್ರೋಟೊಕಾಲ್ ಬಂತು. ಕೇಂದ್ರದ ಕಂಪ್ಯೂಟರು ಉಪಕರಣಗಳನ್ನು ಸರದಿಯಂತೆ ವಿಚಾರಿಸುವುದು, ತುರ್ತು ಇದ್ದಾಗ ಉಪಕರಣವೇ ಟ್ರ್ಯಾಪ್ ಸಂದೇಶ ಕಳಿಸುವುದು ಇದರ ರೀತಿ.

ವಿಚಾರಣೆಯ ಕೆಲಸವನ್ನು ಉಪಕರಣಕ್ಕೇ ವಹಿಸುವ ಮೊದಲ ಮಾನಕ ಹೆಜ್ಜೆ 1991ರ ಆರ್‌ಎಂಓಎನ್. ಏರುವ ಮಿತಿಮೌಲ್ಯ, ಇಳಿಯುವ ಮಿತಿಮೌಲ್ಯ ಎಂಬ ಜೋಡಿಯನ್ನು ಅದು ಬಳಕೆಗೆ ತಂದಿತು. 1999ರ ಸ್ಕ್ರಿಪ್ಟ್ ಎಂಐಬಿ ಮತ್ತು 2000ದ ಈವೆಂಟ್ ಎಂಐಬಿ ಮಾನಕಗಳು ಉಪಕರಣದೊಳಗೇ ಸ್ಕ್ರಿಪ್ಟ್ ನಡೆಸುವ, ಷರತ್ತು ಪರಿಶೀಲಿಸುವ ವಿಚಾರವನ್ನು ಮುಂದಿಟ್ಟವು. ಘಟನೆ, ಷರತ್ತು, ಕ್ರಮ ಎಂಬ ಮೂರು ಕಾಲಿನ ನಿಯಮರೂಪವು ದತ್ತಸಂಚಯಗಳ ಸಂಶೋಧನೆಯಿಂದ ಬಂದದ್ದು. 2001ರಲ್ಲಿ ಐಬಿಎಂ ಮುಂದಿಟ್ಟ ಸ್ವಯಂನಿರ್ವಹಣಾ ಕಂಪ್ಯೂಟಿಂಗ್ ಎಂಬ ಕಲ್ಪನೆ ಇಂಥ ನಿಯಮಗಳ ಬಳಕೆಗೆ ಬಲ ಕೊಟ್ಟಿತು.

ಸಿಸ್ಕೊದ ಎಂಬೆಡೆಡ್ ಈವೆಂಟ್ ಮ್ಯಾನೇಜರ್ ಐಒಎಸ್ ತಂತ್ರಾಂಶದ 12.0(26)ಎಸ್ ಮತ್ತು 12.3(4)ಟಿ ಆವೃತ್ತಿಗಳಲ್ಲಿ, 2003ರ ಹೊತ್ತಿಗೆ, ಬಳಕೆಗೆ ಬಂತು. ಆರಂಭದಲ್ಲಿ ಅದಕ್ಕೆ ಕೆಲವೇ ಶೋಧಕಗಳಿದ್ದವು; ಮುಂದಿನ ಆವೃತ್ತಿಗಳಲ್ಲಿ ಟಿಸಿಎಲ್ ಭಾಷೆಯ ಸ್ಕ್ರಿಪ್ಟುಗಳು, ಒಂದಕ್ಕಿಂತ ಹೆಚ್ಚು ಘಟನೆಗಳನ್ನು ತಾಳೆ ಹಾಕುವ ಅನುಕೂಲ, ಆಪ್ಲೆಟ್ ಎಂಬ ಚಿಕ್ಕ ನೀತಿಯೊಳಗೇ ಷರತ್ತು ಬರೆಯುವ ಅನುಕೂಲ ಸೇರಿದವು.

ಬೆಂಗಳೂರಿನ ಹೊರವಲಯದಲ್ಲಿ ನೆಲೆ

ಬೆಂಗಳೂರಿನ ದೂರಸಂಪರ್ಕ ಉದ್ಯಮಕ್ಕೆ 1948ರಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ತಳಹದಿ. ವೈಟ್‌ಫೀಲ್ಡಿಗೆ ಹೋಗುವ ದಾರಿಯಲ್ಲಿ ಅದಕ್ಕೆಂದೇ ಬೆಳೆದ ಬಡಾವಣೆ ದೂರವಾಣಿ ನಗರ. 1970ರ ದಶಕದ ಕೊನೆಯಲ್ಲಿ, ಆರ್. ಕೆ. ಬಾಳಿಗ ಅವರ ಮುಂದಾಳತ್ವದಲ್ಲಿ, ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಿತು. 1991ರಲ್ಲಿ ರೂಪುಗೊಂಡ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಇಲ್ಲಿಂದ ಉಪಗ್ರಹ ಭೂಕೇಂದ್ರ ಮತ್ತು ಮೈಕ್ರೋವೇವ್ ರೇಡಿಯೊ ಮೂಲಕ ತಂತ್ರಾಂಶ ರಫ್ತುದಾರರಿಗೆ ದತ್ತಾಂಶ ಸಂಪರ್ಕ ಒದಗಿಸಿತು. ಕಿಲೋಬಿಟ್ ಲೆಕ್ಕದ ಆ ಲಿಂಕುಗಳ ತುದಿಯಲ್ಲಿದ್ದವೇ ಈ ಪ್ರದೇಶಗಳ ಮೊದಲ ತಲೆಮಾರಿನ ರೂಟರುಗಳು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕ ಇಂಟರ್ನೆಟ್ ಆರಂಭಿಸುವ ಮೊದಲೇ ಇಂಥ ಸಂಪರ್ಕಗಳು ಇಲ್ಲಿ ನಡೆಯುತ್ತಿದ್ದವು. ವೈಟ್‌ಫೀಲ್ಡಿನಲ್ಲಿ ಕರ್ನಾಟಕ ಸರ್ಕಾರ, ಟಾಟಾ ಸಮೂಹ ಮತ್ತು ಸಿಂಗಪುರದ ಸಂಸ್ಥೆಗಳ ಜಂಟಿ ಉದ್ಯಮವಾಗಿ 1994ರಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ಎರಡನೆಯ ಕೇಂದ್ರವಾಯಿತು.

ರೂಟರ್ ತಯಾರಕರು ಬಂದದ್ದು ಇದರ ಬೆನ್ನಿಗೆ. 2007ರಲ್ಲಿ ಸಿಸ್ಕೊ ತನ್ನ ಪೂರ್ವದ ಜಾಗತೀಕರಣ ಕೇಂದ್ರವನ್ನು ಹೊರ ವರ್ತುಲ ರಸ್ತೆಯ ಕಾಡುಬೀಸನಹಳ್ಳಿಯಲ್ಲಿರುವ ಸೆಸ್ನಾ ಬಿಸಿನೆಸ್ ಪಾರ್ಕಿನಲ್ಲಿ ತೆರೆಯಿತು. ಜುನಿಪರ್ ಸಂಸ್ಥೆಯ ಕೇಂದ್ರ ಅದೇ ಕಾಡುಬೀಸನಹಳ್ಳಿಯ ಎಕ್ಸೋರಾ ಬಿಸಿನೆಸ್ ಪಾರ್ಕಿನಲ್ಲಿ ನೆಲೆಗೊಂಡಿತು. ರೂಟರ್ ಮಾರುಕಟ್ಟೆಯ ಇಬ್ಬರು ಪ್ರತಿಸ್ಪರ್ಧಿಗಳು ಹೀಗೆ ನೆರೆಯವರಾದರು. ಹುವಾವೇ 2015ರಲ್ಲಿ ವೈಟ್‌ಫೀಲ್ಡ್ ಬದಿಯ ಕುಂದಲಹಳ್ಳಿಯಲ್ಲಿ ಸಂಶೋಧನಾ ಆವರಣ ತೆರೆಯಿತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಬೆಂಗಳೂರು ಕೇಂದ್ರವೂ 2000ದಲ್ಲಿ ಸ್ಥಾಪನೆಯಾದ ತೇಜಸ್ ನೆಟ್‌ವರ್ಕ್ಸ್ ಸಂಸ್ಥೆಯೂ ಇವೆ. 2023ರಲ್ಲಿ ತೇಜಸ್‌ಗೆ ಬಿಎಸ್‌ಎನ್‌ಎಲ್ ಜಾಲಕ್ಕಾಗಿ 13,000ಕ್ಕೂ ಹೆಚ್ಚು ಟಿಜೆ1400 ಸರಣಿಯ ರೂಟರುಗಳನ್ನು ಪೂರೈಸುವ, ಸುಮಾರು 696 ಕೋಟಿ ರೂಪಾಯಿಯ ಬೇಡಿಕೆ ದೊರೆಯಿತು.

ಪೀಣ್ಯದ ಪಾತ್ರ ಬೇರೆ. ಅದು ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳ ಪ್ರದೇಶ. ರೂಟರುಗಳು ಅಲ್ಲಿ ಲೆಕ್ಕಪತ್ರ, ದಾಸ್ತಾನು, ಯಂತ್ರಗಳ ದತ್ತಾಂಶ ಸಾಗಿಸುವ ಸಾಧನ. 1976ರಲ್ಲಿ ಸ್ಥಾಪನೆಯಾದ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರವೂ ಪೀಣ್ಯದಲ್ಲೇ ಇದ್ದು, ಶ್ರೀಹರಿಕೋಟಾ, ಪೋರ್ಟ್ ಬ್ಲೇರ್, ಮಾರಿಷಸ್ ಮುಂತಾದೆಡೆಯ ಭೂಕೇಂದ್ರಗಳ ಜಾಲವನ್ನು ನಡೆಸುತ್ತದೆ.

ರಚನೆ

ಹೆಚ್ಚಿನ ತಯಾರಕರ ವ್ಯವಸ್ಥೆಗಳಲ್ಲಿ ಮೂರು ಅಂಗಗಳು ಸಮಾನ. ಮೊದಲನೆಯದು ಶೋಧಕಗಳ ಗುಂಪು. ಒಂದೊಂದು ಶೋಧಕವೂ ಒಂದೊಂದು ಬಗೆಯ ಘಟನೆಗೆ ಮೀಸಲು. ಎರಡನೆಯದು ಶೋಧಕಗಳಿಗೂ ನೀತಿಗಳಿಗೂ ನಡುವೆ ನಿಲ್ಲುವ ಸರ್ವರ್. ಸಿಸ್ಕೊದಲ್ಲಿ ಇದನ್ನು ಈವೆಂಟ್ ಮ್ಯಾನೇಜರ್ ಸರ್ವರ್ ಎಂದೂ ಜುನಿಪರ್‌ನಲ್ಲಿ ಈವೆಂಟ್‌ಡಿ ಪ್ರಕ್ರಿಯೆ ಎಂದೂ ಕರೆಯುತ್ತಾರೆ. ಮೂರನೆಯದು ನೀತಿಗಳು. ನೀತಿಯು ತನಗೆ ಬೇಕಾದ ಘಟನೆಯನ್ನು ಸರ್ವರಿನಲ್ಲಿ ನೋಂದಾಯಿಸಿಕೊಳ್ಳುತ್ತದೆ. ಶೋಧಕ ಘಟನೆಯನ್ನು ಸರ್ವರಿಗೆ ತಿಳಿಸುತ್ತದೆ. ನೋಂದಣಿ ಇರುವ ನೀತಿಯನ್ನು ಸರ್ವರ್ ಎಬ್ಬಿಸುತ್ತದೆ. ಶೋಧಕಕ್ಕೂ ನೀತಿಗೂ ನೇರ ಸಂಬಂಧವಿಲ್ಲದ ಕಾರಣ ಒಂದೇ ಘಟನೆಗೆ ಹಲವು ನೀತಿಗಳನ್ನು ಬರೆಯಬಹುದು.

ಘಟನೆಯ ವಿವರಗಳು ನೀತಿಗೆ ಚರಗಳ ರೂಪದಲ್ಲಿ ಸಿಗುತ್ತವೆ: ಸಂದೇಶದ ಪೂರ್ಣ ಪಠ್ಯ, ಘಟನೆ ನಡೆದ ಹೊತ್ತು, ಇಂಟರ್‌ಫೇಸಿನ ಹೆಸರು ಇತ್ಯಾದಿ. ಸಿಸ್ಕೊದಲ್ಲಿ ಅಡಿಗೀಟಿನಿಂದ ಆರಂಭವಾಗುವ ಚರಗಳ ಹೆಸರು ಸಂಸ್ಥೆಗೇ ಮೀಸಲು. ಬಳಕೆದಾರರು ಅಡಿಗೀಟಿಲ್ಲದ ಹೆಸರುಗಳನ್ನು ಆರಿಸಿಕೊಳ್ಳಬೇಕು.

ಘಟನಾ ಶೋಧಕಗಳ ವಿಧಗಳು

ಸಿಸ್‌ಲಾಗ್ ಶೋಧಕ: ರೂಟರ್ ಬರೆಯುವ ಲಾಗ್ ಸಂದೇಶದಲ್ಲಿ ಗೊತ್ತುಪಡಿಸಿದ ಪದವಿನ್ಯಾಸ ಇದೆಯೇ ಎಂದು ನೋಡುತ್ತದೆ. ಬರೆಯಲು ಸುಲಭವಾದ್ದರಿಂದ ಇದರ ಬಳಕೆ ಹೆಚ್ಚು. ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಸಂದೇಶದ ಪದಗಳು ಬದಲಾದರೆ ನೀತಿ ಸದ್ದಿಲ್ಲದೆ ನಿಷ್ಕ್ರಿಯವಾಗುವುದು ಇದರ ದೋಷ.

ಎಸ್‌ಎನ್‌ಎಂಪಿ ಮತ್ತು ಎಣಿಕೆ ಶೋಧಕಗಳು: ಪ್ರೊಸೆಸರ್ ಹೊರೆ, ಸ್ಮೃತಿ, ಇಂಟರ್‌ಫೇಸಿನ ದೋಷಗಳ ಎಣಿಕೆ ಮುಂತಾದವನ್ನು ನಿಗದಿತ ಅಂತರದಲ್ಲಿ ಓದಿ ಮಿತಿಮೌಲ್ಯದೊಡನೆ ಹೋಲಿಸುತ್ತವೆ. ಪ್ರವೇಶದ ಮಿತಿ ಶೇ 80, ನಿರ್ಗಮನದ ಮಿತಿ ಶೇ 50 ಎಂದು ಎರಡು ಅಂಕಿಗಳನ್ನಿಟ್ಟರೆ, ಹೊರೆ 79 ಮತ್ತು 81ರ ನಡುವೆ ಓಲಾಡಿದಾಗಲೂ ನೀತಿ ಮತ್ತೆ ಮತ್ತೆ ಓಡುವುದಿಲ್ಲ.

ಸಮಯ ಶೋಧಕ: ನಾಲ್ಕು ಬಗೆ. ನಿರ್ದಿಷ್ಟ ದಿನಾಂಕಕ್ಕೆ ಒಮ್ಮೆ, ಇಷ್ಟು ಸೆಕೆಂಡಿನ ನಂತರ ಒಮ್ಮೆ, ಇಷ್ಟು ಸೆಕೆಂಡಿಗೊಮ್ಮೆ ಸತತವಾಗಿ, ಮತ್ತು ಯುನಿಕ್ಸ್‌ನ ಕ್ರಾನ್ ಮಾದರಿಯಲ್ಲಿ ವಾರ, ದಿನ, ಗಂಟೆಗಳ ಲೆಕ್ಕದಲ್ಲಿ.

ಆಜ್ಞಾ ಶೋಧಕ: ಎಂಜಿನಿಯರು ಟೈಪಿಸುವ ಆಜ್ಞೆಯನ್ನೇ ಘಟನೆಯೆಂದು ಹಿಡಿಯುತ್ತದೆ. ಸಿಸ್ಕೊದಲ್ಲಿ ಇದನ್ನು ಏಕಕಾಲಿಕ ರೀತಿಯಲ್ಲಿ ಬರೆದರೆ ನೀತಿ ಮೊದಲು ಓಡಿ, ಕೊನೆಗೆ ಬಿಟ್ಟುಹೋಗುವ ನಿರ್ಗಮನ ಸಂಖ್ಯೆ 1 ಆಗಿದ್ದರೆ ಆಜ್ಞೆ ನಡೆಯುತ್ತದೆ, 0 ಆಗಿದ್ದರೆ ನಡೆಯುವುದಿಲ್ಲ.

ವಸ್ತು ಜಾಡು ಶೋಧಕ: ಐಪಿ ಎಸ್‌ಎಲ್‌ಎ ತನಿಖೆ (ದಾರಿ ಸರಿಯಿದೆಯೇ ಎಂದು ರೂಟರ್ ಕಳಿಸುವ ಪರೀಕ್ಷಾ ಸಂದೇಶ), ರೂಟಿನ ಇರವು ಅಥವಾ ಇಂಟರ್‌ಫೇಸಿನ ಸ್ಥಿತಿಯನ್ನು ಒಂದು ಟ್ರ್ಯಾಕ್ ಸಂಖ್ಯೆಗೆ ಕಟ್ಟಿ, ಅದು ಅಪ್ ಅಥವಾ ಡೌನ್ ಆದಾಗ ತಿಳಿಸುತ್ತದೆ.

ಇವಲ್ಲದೆ ಕಾರ್ಡ್ ಕಳಚುವುದು ಅಥವಾ ಸೇರಿಸುವುದು, ಜೋಡಿ ಪ್ರೊಸೆಸರುಗಳ ನಡುವಿನ ಪಾಳಿ ಬದಲಾವಣೆ, ನೆಟ್‌ಫ್ಲೋ ಹರಿವು, ರೂಟಿಂಗ್ ಪಟ್ಟಿಯ ಬದಲಾವಣೆ, ಹೊಸ ನೆರೆಯ ಉಪಕರಣದ ಪತ್ತೆ ಇವುಗಳಿಗೂ ಶೋಧಕಗಳಿವೆ. ಯಾವ ಘಟನೆಯೂ ಇಲ್ಲದೆ ಕೈಯಿಂದ ಓಡಿಸುವ ನೀತಿಗಳಿಗೆ ಸಿಸ್ಕೊದಲ್ಲಿ ನನ್ ಎಂಬ ಶೋಧಕವಿದೆ. ಪರೀಕ್ಷೆಗೆ ಇದು ಉಪಯುಕ್ತ.

ನೀತಿಗಳು ಮತ್ತು ಕ್ರಮಗಳು

ನೀತಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಆಪ್ಲೆಟ್ ಎಂಬುದು ಕಾನ್ಫಿಗರೇಷನ್ನಿನ ಭಾಗವಾಗಿಯೇ ಬರೆಯುವ ಚಿಕ್ಕ ನೀತಿ. ರೂಟರಿನ ಕಾನ್ಫಿಗರೇಷನ್ ಉಳಿಸಿದರೆ ಅದೂ ಉಳಿಯುತ್ತದೆ. ಸ್ಕ್ರಿಪ್ಟ್ ನೀತಿ ಪ್ರತ್ಯೇಕ ಕಡತವಾಗಿ ಫ್ಲ್ಯಾಶ್ ಸ್ಮೃತಿಯಲ್ಲಿ ಇರುತ್ತದೆ. ಅದರ ಭಾಷೆ ಸಿಸ್ಕೊದ ಹಳೆಯ ಆವೃತ್ತಿಗಳಲ್ಲಿ ಟಿಸಿಎಲ್, ಇತ್ತೀಚಿನವುಗಳಲ್ಲಿ ಪೈಥಾನ್ ಸಹ. ಜುನಿಪರ್‌ನಲ್ಲಿ ಸ್ಲ್ಯಾಕ್ಸ್, ಎಕ್ಸ್‌ಎಸ್‌ಎಲ್‌ಟಿ ಮತ್ತು ಪೈಥಾನ್. ರೂಟರ್ ಬದಲಿಸುವಾಗ ಕಾನ್ಫಿಗರೇಷನ್ ಮಾತ್ರ ನಕಲು ಮಾಡಿದರೆ ಸ್ಕ್ರಿಪ್ಟ್ ಕಡತ ಹಿಂದೆಯೇ ಉಳಿಯುತ್ತದೆ. ಇದು ಸಾಮಾನ್ಯ ಮರೆವು.

ಕ್ರಮಗಳು ಮೂರು ತರಗತಿಯವು. ತಿಳಿಸುವ ಕ್ರಮಗಳು: ಲಾಗ್ ಬರೆಯುವುದು, ಇಮೇಲ್ ಅಥವಾ ಟ್ರ್ಯಾಪ್ ಕಳಿಸುವುದು. ಸಂಗ್ರಹಿಸುವ ಕ್ರಮಗಳು: ರೂಟರಿನ ಸ್ಥಿತಿ ತೋರಿಸುವ ಶೋ ಆಜ್ಞೆಗಳ ಆ ಕ್ಷಣದ ಉತ್ತರವನ್ನು ಕಡತಕ್ಕೆ ಬರೆದಿಡುವುದು. ಬದಲಿಸುವ ಕ್ರಮಗಳು: ಇಂಟರ್‌ಫೇಸ್ ಮುಚ್ಚುವುದು ಅಥವಾ ತೆರೆಯುವುದು, ರೂಟ್ ಸೇರಿಸುವುದು, ಟ್ರ್ಯಾಕ್ ಸ್ಥಿತಿ ತಿರುಗಿಸುವುದು, ರೂಟರನ್ನೇ ಮರುಚಾಲನೆ ಮಾಡುವುದು.

ಒಂದು ನೀತಿಯ ನಡಿಗೆ

ಪೀಣ್ಯ ಮಾದರಿಯ ಸಣ್ಣ ಕಾರ್ಖಾನೆಯೊಂದರ ಸಾಮಾನ್ಯ ಜೋಡಣೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮುಖ್ಯ ಲಿಂಕ್ ಒಬ್ಬ ಸೇವಾದಾರರ ಫೈಬರ್. ಬ್ಯಾಕಪ್ ಲಿಂಕ್ 4ಜಿ ಸಿಮ್. ಫೈಬರ್ ಕಾರ್ಖಾನೆಗೆ ಬರುವುದು ಮೀಡಿಯಾ ಕನ್ವರ್ಟರ್ ಎಂಬ ಪುಟ್ಟ ಪೆಟ್ಟಿಗೆಯ ಮೂಲಕ. ರಸ್ತೆ ಅಗೆತದಿಂದ ಎರಡು ಕಿಲೋಮೀಟರ್ ಆಚೆ ಸೇವಾದಾರರ ಕೇಬಲ್ ತುಂಡಾದರೂ ಯುಪಿಎಸ್ ಮೇಲೆ ನಿಂತ ಪೆಟ್ಟಿಗೆಯ ದೀಪ ಉರಿಯುತ್ತಲೇ ಇರಬಹುದು. ಆಗ ರೂಟರಿನ ಕಣ್ಣಿಗೆ ಇಂಟರ್‌ಫೇಸ್ ಅಪ್ ಆಗಿಯೇ ಕಾಣುತ್ತದೆ. ಇಂಟರ್‌ಫೇಸಿನ ಸ್ಥಿತಿಯನ್ನು ಮಾತ್ರ ನಂಬಿದ ಜೋಡಣೆಯಲ್ಲಿ ಟ್ರಾಫಿಕ್ ಸತ್ತ ಲಿಂಕಿಗೇ ಹೋಗುತ್ತಿರುತ್ತದೆ.

ಆದ್ದರಿಂದ ಐಪಿ ಎಸ್‌ಎಲ್‌ಎ ತನಿಖೆಯೊಂದು ಮುಖ್ಯ ಲಿಂಕಿನ ಮೂಲಕ ದೂರದ ವಿಳಾಸವೊಂದಕ್ಕೆ 5 ಸೆಕೆಂಡಿಗೊಮ್ಮೆ ಪಿಂಗ್ ಕಳಿಸುತ್ತದೆ. ಅದನ್ನು ಟ್ರ್ಯಾಕ್ 10ಕ್ಕೆ ಕಟ್ಟಿ, ಬೀಳಲು 15 ಸೆಕೆಂಡು, ಏಳಲು 60 ಸೆಕೆಂಡು ತಡೆ ಇಡಲಾಗುತ್ತದೆ. ಮುಖ್ಯ ಡಿಫಾಲ್ಟ್ ರೂಟ್ ಈ ಟ್ರ್ಯಾಕಿಗೆ ಅಂಟಿದ್ದು. ಬ್ಯಾಕಪ್ ರೂಟಿಗೆ ಹೆಚ್ಚಿನ ದೂರಮೌಲ್ಯ ಕೊಟ್ಟು ಅದನ್ನು ಎರಡನೆಯ ಆಯ್ಕೆಯಾಗಿಸಲಾಗುತ್ತದೆ. ಟ್ರ್ಯಾಕ್ ಬಿದ್ದೊಡನೆ ರೂಟ್ ತಾನೇ ಬದಲಾಗುತ್ತದೆ. ಆದರೆ ರೂಟರಿನ ನ್ಯಾಟ್ (ವಿಳಾಸ ಪರಿವರ್ತನೆ) ಪಟ್ಟಿಯಲ್ಲಿ ಹಳೆಯ ಸೇವಾದಾರರ ವಿಳಾಸದ ನಮೂದುಗಳು ಉಳಿದಿರುತ್ತವೆ. ನಡೆಯುತ್ತಿದ್ದ ಸಂಪರ್ಕಗಳು ಹಳೆಯ ವಿಳಾಸ ಹೊತ್ತು ಹೊಸ ಲಿಂಕಿನಲ್ಲಿ ಹೊರಟು ಉತ್ತರ ಕಾಣದೆ ನಿಲ್ಲುತ್ತವೆ. ಈ ನಮೂದುಗಳನ್ನು ಅಳಿಸುವುದೇ ಪ್ರೋಟೊಕಾಲ್ ಮಾಡದೆ ಬಿಟ್ಟ ಕೆಲಸ. ಇದಕ್ಕೆ ಬರೆಯುವ ಆಪ್ಲೆಟ್ಟಿನ ಸಾಲುಗಳು ಕನ್ನಡ ಲಿಪಿಯಲ್ಲಿ ಹೀಗಿವೆ:

ಈವೆಂಟ್ ಮ್ಯಾನೇಜರ್ ಆಪ್ಲೆಟ್ ಫೈಬರ್-ಡೌನ್
ಈವೆಂಟ್ ಟ್ರ್ಯಾಕ್ 10 ಸ್ಟೇಟ್ ಡೌನ್
ಆ್ಯಕ್ಷನ್ 1.0 ಸಿಎಲ್‌ಐ ಕಮಾಂಡ್ "ಎನೇಬಲ್"
ಆ್ಯಕ್ಷನ್ 2.0 ಸಿಎಲ್‌ಐ ಕಮಾಂಡ್ "ಕ್ಲಿಯರ್ ಐಪಿ ನ್ಯಾಟ್ ಟ್ರಾನ್ಸ್‌ಲೇಷನ್ *"
ಆ್ಯಕ್ಷನ್ 3.0 ಸಿಸ್‌ಲಾಗ್ ಎಂಎಸ್‌ಜಿ "ಫೈಬರ್ ಡೌನ್, 4ಜಿಗೆ ಬದಲು"

ಮೊದಲ ಸಾಲು ಹೆಸರು, ಎರಡನೆಯದು ಶೋಧಕ, ಉಳಿದವು ಕ್ರಮಗಳು. ಲಿಂಕ್ ಮರಳಿದಾಗ ಓಡಲು ಇಂಥದೇ ಇನ್ನೊಂದು ಆಪ್ಲೆಟ್ ಬೇಕು. ಈ ಜೋಡಣೆಯಲ್ಲಿ ತಪ್ಪಬಾರದ ಎರಡು ಅಂಶಗಳಿವೆ. ಒಂದು, ತನಿಖೆಯ ಪಿಂಗ್ ಮುಖ್ಯ ಲಿಂಕಿನಿಂದ ಮಾತ್ರ ಹೊರಡುವಂತೆ ಪ್ರತ್ಯೇಕ ರೂಟ್ ಇರಬೇಕು. ಇಲ್ಲವಾದರೆ 4ಜಿಗೆ ಬದಲಾದ ಮೇಲೆ ಪಿಂಗ್ ಅದರ ಮೂಲಕವೇ ಗುರಿ ತಲುಪಿ, ಟ್ರ್ಯಾಕ್ ಮತ್ತೆ ಅಪ್ ಆಗಿ, ಟ್ರಾಫಿಕ್ ಪುನಃ ಸತ್ತ ಫೈಬರಿಗೆ ಮರಳುತ್ತದೆ. ಈ ತೂಗಾಟ ಕೊನೆಯಿಲ್ಲದೆ ನಡೆಯುತ್ತದೆ. ಎರಡು, ಕ್ರಮಗಳ ಗುರುತುಗಳನ್ನು ರೂಟರ್ ಸಂಖ್ಯೆಗಳೆಂದು ಓದದೆ ಅಕ್ಷರಗಳೆಂದು ಜೋಡಿಸುತ್ತದೆ. ಹೀಗಾಗಿ 10.0 ಎಂಬ ಗುರುತಿನ ಕ್ರಮ 2.0ಕ್ಕಿಂತ ಮೊದಲೇ ಓಡುತ್ತದೆ. ಹತ್ತು ಅಥವಾ ಹೆಚ್ಚು ಸಾಲುಗಳಿರುವ ಆಪ್ಲೆಟ್ಟಿನಲ್ಲಿ 010, 020 ಎಂದು ಒಂದೇ ಸಂಖ್ಯೆಯ ಅಂಕಿಗಳಲ್ಲಿ ಬರೆಯುವುದು ರೂಢಿ.

ವಿವಿಧ ತಯಾರಕರ ವ್ಯವಸ್ಥೆಗಳು

ಜುನಿಪರ್ ರೂಟರುಗಳಲ್ಲಿ ಈವೆಂಟ್ ಆಪ್ಷನ್ಸ್ ಎಂಬ ಶ್ರೇಣಿಯಡಿ ನೀತಿ ಬರೆಯುತ್ತಾರೆ. ಇಷ್ಟು ಸೆಕೆಂಡಿನೊಳಗೆ ಇನ್ನೊಂದು ಘಟನೆ ನಡೆದಿದ್ದರೆ, ಅಥವಾ ಅದೇ ಘಟನೆ ಇಷ್ಟನೆಯ ಸಲ ಮರುಕಳಿಸಿದರೆ ಎಂಬ ಷರತ್ತುಗಳನ್ನು ಅಲ್ಲಿ ನೇರವಾಗಿ ಹೇಳಬಹುದು. ಅರಿಸ್ಟಾದ ಇಒಎಸ್ ಲಿನಕ್ಸ್ ಮೇಲೆ ನಿಂತಿರುವುದರಿಂದ ಅದರ ಈವೆಂಟ್ ಹ್ಯಾಂಡ್ಲರ್ ನೇರವಾಗಿ ಬ್ಯಾಶ್ ಆಜ್ಞೆಗಳನ್ನು ನಡೆಸುತ್ತದೆ. ನೋಕಿಯಾದ ಎಸ್‌ಆರ್ ಒಎಸ್‌ನಲ್ಲಿ ಈವೆಂಟ್ ಹ್ಯಾಂಡ್ಲಿಂಗ್ ಸಿಸ್ಟಂ ಲಾಗ್ ಘಟನೆಗೆ ಸ್ಕ್ರಿಪ್ಟನ್ನು ಕಟ್ಟುತ್ತದೆ. ಹುವಾವೇಯ ವಿಆರ್‌ಪಿಯಲ್ಲಿ ಓಪಿಎಸ್ ಎಂಬ ಹೆಸರಿನ ಸೌಲಭ್ಯ ಪೈಥಾನ್ ಸ್ಕ್ರಿಪ್ಟುಗಳನ್ನು ನಡೆಸುತ್ತದೆ. ಲಾಟ್ವಿಯಾದ ಮೈಕ್ರೋಟಿಕ್ ರೂಟರುಗಳಲ್ಲಿ ನೆಟ್‌ವಾಚ್ ಒಂದು ವಿಳಾಸವನ್ನು ಪಿಂಗ್ ಮಾಡುತ್ತಿದ್ದು, ಅದು ಸಿಗದಾಗ ಒಂದು ಸ್ಕ್ರಿಪ್ಟನ್ನೂ ಮರಳಿದಾಗ ಇನ್ನೊಂದನ್ನೂ ಓಡಿಸುತ್ತದೆ. ಬೆಲೆ ಕಡಿಮೆಯಾದ್ದರಿಂದ ಸಣ್ಣ ಇಂಟರ್ನೆಟ್ ಸೇವಾದಾರರು ಮತ್ತು ಸಣ್ಣ ಕಚೇರಿಗಳಲ್ಲಿ ಇದರ ಬಳಕೆ ಹರಡಿದೆ.

ಈ ವ್ಯವಸ್ಥೆಗಳ ನಡುವೆ ನೀತಿಗಳನ್ನು ನೇರವಾಗಿ ಸಾಗಿಸಲು ಬರುವುದಿಲ್ಲ. ಒಬ್ಬ ತಯಾರಕರ ರೂಟರಿಗೆ ಬರೆದದ್ದನ್ನು ಇನ್ನೊಬ್ಬರ ರೂಟರಿಗೆ ಹೊಸದಾಗಿಯೇ ಬರೆಯಬೇಕು.

ಬಳಕೆ

ಲಿಂಕ್ ಬದಲಾವಣೆಯ ನಂತರದ ಶುಚಿಕಾರ್ಯ ಮೇಲೆ ವಿವರಿಸಿದ ಬಗೆ. ಎರಡನೆಯ ಮುಖ್ಯ ಬಳಕೆ ಸಾಕ್ಷ್ಯ ಸಂಗ್ರಹ. ರಾತ್ರಿ ಎರಡು ಗಂಟೆಗೆ ಅರ್ಧ ನಿಮಿಷ ಪ್ರೊಸೆಸರ್ ಹೊರೆ ಏರಿ ಇಳಿದರೆ, ಪಾಳಿಯಲ್ಲಿರುವ ಎಂಜಿನಿಯರು ಟಿಕೆಟ್ ತೆರೆದು ಲಾಗಿನ್ ಆಗುವಷ್ಟರಲ್ಲಿ ಕಾಣಲು ಏನೂ ಉಳಿದಿರುವುದಿಲ್ಲ. ಹೊರೆ ಏರಿದ ಕ್ಷಣದಲ್ಲೇ ಪ್ರಕ್ರಿಯೆಗಳ ಪಟ್ಟಿಯನ್ನು ಕಡತಕ್ಕೆ ಬರೆದಿಡುವ ನೀತಿ ಈ ಕೊರತೆಯನ್ನು ನೀಗುತ್ತದೆ. ದೇಶವಿದೇಶದ ಗ್ರಾಹಕರ ಜಾಲಗಳನ್ನು ದಿನದ 24 ಗಂಟೆಯೂ ನೋಡಿಕೊಳ್ಳುವ ನಿಗಾ ಕೇಂದ್ರಗಳಲ್ಲಿ ಇದು ಬಹುವಾಗಿ ನೆಚ್ಚುವ ವಿಧಾನ.

ಮೂರನೆಯದು ಕಾನ್ಫಿಗರೇಷನ್ ರಕ್ಷಣೆ: ಬದಲಾವಣೆಯ ಸಂದೇಶ ಬಂದೊಡನೆ ಪ್ರತಿ ತೆಗೆದು ಸರ್ವರಿಗೆ ಕಳಿಸುವುದು, ಅಪಾಯಕಾರಿ ಆಜ್ಞೆಯನ್ನು ಕಚೇರಿ ವೇಳೆಯಲ್ಲಿ ತಡೆಯುವುದು. ನಾಲ್ಕನೆಯದು ಕಾಲಬದ್ಧ ಕೆಲಸ: ರಾತ್ರಿ ಅತಿಥಿ ವೈಫೈ ಇಂಟರ್‌ಫೇಸ್ ಮುಚ್ಚಿ ಬೆಳಿಗ್ಗೆ ತೆರೆಯುವುದು. ಐದನೆಯದು ತಂತ್ರಾಂಶ ದೋಷಕ್ಕೆ ತಾತ್ಕಾಲಿಕ ಪರಿಹಾರ: ತಯಾರಕರ ತಿದ್ದುಪಡಿ ಬರುವವರೆಗೆ ಸಿಲುಕಿದ ಪ್ರಕ್ರಿಯೆಯನ್ನು ಗುರುತಿಸಿ ಇಂಟರ್‌ಫೇಸನ್ನು ಮುಚ್ಚಿ ತೆರೆಯುವುದು.

ಮಿತಿಗಳು

ಸಿಸ್ಕೊ ಆಪ್ಲೆಟ್ಟಿಗೆ ಓಡಲು ಸಿಗುವ ಡಿಫಾಲ್ಟ್ ಗರಿಷ್ಠ ಅವಧಿ 20 ಸೆಕೆಂಡು. ದೊಡ್ಡ ಶೋ ಆಜ್ಞೆಗಳಿರುವ ನೀತಿ ಈ ಗಡುವಿನಲ್ಲಿ ಮುಗಿಯದಿದ್ದರೆ ಅರ್ಧದಲ್ಲೇ ನಿಲ್ಲುತ್ತದೆ. ಆಗ ಈ ಗಡುವನ್ನು ಸೂಚಿಸುವ ಮ್ಯಾಕ್ಸ್‌ರನ್ ಮೌಲ್ಯವನ್ನು ಹೆಚ್ಚಿಸಬೇಕಾಗುತ್ತದೆ. ಆಜ್ಞೆ ನಡೆಸುವ ಕ್ರಮಗಳು ದೂರದಿಂದ ಲಾಗಿನ್ ಆಗಲು ರೂಟರಿನಲ್ಲಿರುವ ವಿಟಿವೈ ಸಾಲುಗಳನ್ನು ಬಳಸುತ್ತವೆ. ತೊಂದರೆಯ ಹೊತ್ತಿನಲ್ಲಿ ಎಲ್ಲ ಎಂಜಿನಿಯರುಗಳೂ ಒಟ್ಟಿಗೆ ಲಾಗಿನ್ ಆಗಿ ಸಾಲುಗಳು ತುಂಬಿದರೆ ನೀತಿಗೆ ಜಾಗವಿರುವುದಿಲ್ಲ. ಪ್ರತಿ ಆಜ್ಞೆಗೂ ಕೇಂದ್ರದ ಅನುಮತಿ ಕೇಳುವ ಜಾಲಗಳಲ್ಲಿ ನೀತಿಗೆ ಬಳಕೆದಾರ ಹೆಸರು ಕೊಡದಿದ್ದರೆ ಅನುಮತಿ ಸಿಗದೆ ಕ್ರಮ ವಿಫಲವಾಗುತ್ತದೆ.

ಸುತ್ತುಗಟ್ಟುವಿಕೆ ಹೆಚ್ಚು ಅಪಾಯದ್ದು. ಕಾನ್ಫಿಗರೇಷನ್ ಬದಲಾದ ಸಂದೇಶಕ್ಕೆ ಕಾಯುವ ನೀತಿಯು ತಾನೇ ಕಾನ್ಫಿಗರೇಷನ್ ಬದಲಿಸಿದರೆ, ಅದರ ಕ್ರಮವೇ ಅದನ್ನು ಮತ್ತೆ ಎಬ್ಬಿಸುತ್ತದೆ. ಫ್ಲಾಪ್ ಆಗುವ ಲಿಂಕಿಗೆ ತಡೆಯಿಲ್ಲದೆ ಬರೆದ ನೀತಿ ಪ್ರತಿ ಬೀಳುವಿಕೆಗೂ ಒಂದು ಇಮೇಲ್ ಕಳಿಸಿ ಅಂಚೆಪೆಟ್ಟಿಗೆ ತುಂಬಿಸುತ್ತದೆ. ಎರಡು ಓಟಗಳ ನಡುವಿನ ಕನಿಷ್ಠ ಅಂತರ, ಬೀಳಲು ಮತ್ತು ಏಳಲು ತಡೆ, ಒಂದು ಅವಧಿಯಲ್ಲಿ ಗರಿಷ್ಠ ಓಟಗಳ ಎಣಿಕೆ ಇವು ಸಾಮಾನ್ಯ ರಕ್ಷಣೆಗಳು.

ಭದ್ರತೆ ಮತ್ತು ಕಾನೂನು

ಆಜ್ಞೆಗಳನ್ನು ತಡೆದು, ಉತ್ತರಗಳನ್ನು ಬದಲಿಸಬಲ್ಲ ಸಾಧನವಾದ್ದರಿಂದ ಘಟನಾ ನೀತಿ ದಾಳಿಕೋರರ ಕೈಗೂ ಉಪಕರಣವಾಗಬಲ್ಲದು. 2023ರ ಸೆಪ್ಟೆಂಬರಿನಲ್ಲಿ ಅಮೆರಿಕ ಮತ್ತು ಜಪಾನಿನ ಭದ್ರತಾ ಸಂಸ್ಥೆಗಳು ಹೊರಡಿಸಿದ ಜಂಟಿ ಎಚ್ಚರಿಕೆಯ ಪ್ರಕಾರ, ಬ್ಲ್ಯಾಕ್‌ಟೆಕ್ ಎಂಬ ಗುಂಪು ವಶಪಡಿಸಿಕೊಂಡ ಸಿಸ್ಕೊ ರೂಟರುಗಳಲ್ಲಿ ಈವೆಂಟ್ ಮ್ಯಾನೇಜರ್ ನೀತಿಗಳನ್ನು ನೆಟ್ಟು, ತನ್ನ ಕುರುಹುಗಳಿರುವ ಸಾಲುಗಳು ಶೋ ಆಜ್ಞೆಯ ಉತ್ತರದಲ್ಲಿ ಕಾಣದಂತೆ ಮಾಡಿತ್ತು. ಆದಕಾರಣ ನೋಂದಾಯಿತ ನೀತಿಗಳ ಪಟ್ಟಿಯನ್ನು ಕಾಲಕಾಲಕ್ಕೆ ಹೊರಗಿನ ದಾಖಲೆಯೊಡನೆ ಹೋಲಿಸುವುದು ಭದ್ರತಾ ತಪಾಸಣೆಯ ಭಾಗ.

ಭಾರತದಲ್ಲಿ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು ಸೇವಾದಾರರು, ದತ್ತಾಂಶ ಕೇಂದ್ರಗಳು ಮತ್ತು ಸಂಸ್ಥೆಗಳಿಗೆ ಅನ್ವಯಿಸುತ್ತವೆ. ಲಾಗ್‌ಗಳನ್ನು 180 ದಿನ ಉಳಿಸುವುದು, ಗೊತ್ತುಪಡಿಸಿದ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡುವುದು, ಗಡಿಯಾರಗಳನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರಿಗೆ ಹೊಂದಿಸುವುದು ಅವುಗಳಲ್ಲಿ ಸೇರಿವೆ. ನೀತಿ ಬರೆಯುವ ಲಾಗ್ ಸಾಲಿಗೂ ಈ ಗಡಿಯಾರವೇ ಆಧಾರ.

ಪ್ರಸ್ತುತ ಸ್ಥಿತಿ

ಉಪಕರಣಗಳನ್ನು ಕೇಂದ್ರದಿಂದ ನಿರ್ವಹಿಸಲು ನೆರವಾಗುವ ನೆಟ್‌ಕಾನ್ಫ್, ಯಾಂಗ್ ಮಾದರಿಗಳು ಮತ್ತು ಸತತ ಟೆಲಿಮೆಟ್ರಿ ಬಂದ ಮೇಲೆ ನಿರ್ಧಾರದ ಕೆಲಸ ಕೇಂದ್ರದ ತಂತ್ರಾಂಶಕ್ಕೆ ಸರಿಯುತ್ತಿದೆ. ಸ್ಟ್ಯಾಕ್‌ಸ್ಟಾರ್ಮ್, ಆನ್ಸಿಬಲ್ ಮುಂತಾದ ಸಾಧನಗಳು ಹಲವು ತಯಾರಕರ ಉಪಕರಣಗಳ ಘಟನೆಗಳನ್ನು ಒಂದೆಡೆ ತಂದು ತಾಳೆ ಹಾಕುತ್ತವೆ. ನೂರಾರು ರೂಟರುಗಳಲ್ಲಿ ಚದುರಿದ ಆಪ್ಲೆಟ್ಟುಗಳಿಗಿಂತ ಒಂದೆಡೆ ಇರುವ ನೀತಿಯನ್ನು ತಿದ್ದುವುದು, ಪರೀಕ್ಷಿಸುವುದು ಸುಲಭ. ರೂಟರಿನೊಳಗಿನ ನೀತಿ ಹೀಗಿದ್ದೂ ಮರೆಯಾಗಿಲ್ಲ. ಸಿಸ್ಕೊದ ಐಒಎಸ್ ಎಕ್ಸ್‌ಇ ತಂತ್ರಾಂಶದಲ್ಲಿ ಈವೆಂಟ್ ಮ್ಯಾನೇಜರ್ ಮುಂದುವರಿದಿದೆ. 2020ರ ಫೆಬ್ರುವರಿಯಲ್ಲಿ ಜಾರಿಗೆ ಬಂದ, ಸಿಸ್ಕೊದ ಸಿಸಿಎನ್‌ಪಿ ಎನ್‌ಕಾರ್ ಪರೀಕ್ಷೆಯ ಪಠ್ಯದಲ್ಲಿ ಆಪ್ಲೆಟ್ ರಚನೆ ಸೇರಿದೆ. ತಯಾರಕರ ವಲಯದಲ್ಲಿ 2025ರ ಜುಲೈನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಜುನಿಪರ್ ಸಂಸ್ಥೆಯ ಸ್ವಾಧೀನವನ್ನು ಪೂರ್ಣಗೊಳಿಸಿತು.

ಕೇಂದ್ರದ ತಂತ್ರಾಂಶ ರೂಟರನ್ನು ತಲುಪುವುದೂ ಅದೇ ಜಾಲದ ಮೂಲಕ. ಮುಖ್ಯ ಲಿಂಕ್ ಕಡಿದು ಕೇಂದ್ರದ ಸಂಪರ್ಕವೂ ತಪ್ಪಿದಾಗ, ಪ್ರತ್ಯೇಕ ನಿರ್ವಹಣಾ ಲಿಂಕ್ ಇಲ್ಲದ ತಾಣಗಳಲ್ಲಿ ಕೆಲಸ ಮಾಡಬಲ್ಲದ್ದು ರೂಟರಿನೊಳಗೇ ಬರೆದಿಟ್ಟ ನೀತಿ ಮಾತ್ರ.